ಮೇಷ್ಟ್ರ ಮೂರು ಹೆಣಗಳು

"ಮೇಷ್ಟ್ರೇ, ನಿಮ್ಮ ಹೆಣ ರೈಲಿನ ವೇಳಾಪಟ್ಟಿ ನೋಡ್ಕೊಂಡು ಸತ್ತಿದೆಯಾ?" ಎಂದು ಕೇಳಿದಳು ಶವಪರೀಕ್ಷೆಯ ಡಾಕ್ಟರು. "ಬೆಳಿಗ್ಗೆ ಏಳು ಗಂಟೆ ಹನ್ನೊಂದು ನಿಮಿಷಕ್ಕೆ ಪ್ರಾಣ ಹೋಯಿತು ಅಂತ ಬರೆದಿದ್ದೀರಲ್ಲ! ಏಳರಿಂದ ಹತ್ತರ ಒಳಗೆ ಅನ್ನೋಕೇ ನಾವು ಹತ್ತು ಸಲ ಯೋಚಿಸ್ತೀವಿ."

ರಸಾಯನಶಾಸ್ತ್ರದ ಮೇಷ್ಟ್ರು ನಿವೃತ್ತರಾದ ಮೇಲೆ ಎರಡು ವರ್ಷ ಕೂತು ಬರೆದ ಪತ್ತೇದಾರಿ ಕಾದಂಬರಿ ಅದು. ನಿಜವಾದ ಶವಪರೀಕ್ಷೆ ಡಾಕ್ಟರ ಮುನ್ನುಡಿ ತಂದರೆ ಮಾತ್ರ ಅಚ್ಚು ಹಾಕುವುದಾಗಿ ಪ್ರಕಾಶಕರು ಹೇಳಿದ್ದರು. ಡಾಕ್ಟರು ಹಳೇ ಶಿಷ್ಯೆ, ಕೇಳಿದ ಕೂಡಲೇ ಒಪ್ಪಿಕೊಂಡಿದ್ದಳು. ಈಗ ನೋಡಿದರೆ ಹಾಳೆಹಾಳೆಗೂ ಕೆಂಪು ಗೀಟು. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದವರಿಗೆ ಅದರ ತುದಿ ಇಷ್ಟು ಚೂಪು ಎಂದು ಗೊತ್ತಾದದ್ದು ಅಂದೇ.

"ನಿಮ್ಮ ಪತ್ತೇದಾರ ಲೋಟ ಮೂಸಿ ವಿಷದ ಹೆಸರು ಹೇಳಿಬಿಡ್ತಾನೆ. ನಮಗೆ ಲ್ಯಾಬಿನ ವರದಿ ಬರೋಕೆ ನಾಲ್ಕು ತಿಂಗಳು. ಅವನನ್ನ ಇಲ್ಲಿಗೆ ಕಳಿಸಿಕೊಡಿ, ಕೈಮುಗಿದು ಕೆಲಸ ಕೊಡ್ತೀನಿ."

ಮೇಷ್ಟ್ರು ಪೆಚ್ಚುಪೆಚ್ಚಾಗಿ ನಕ್ಕರು. ಪತ್ತೇದಾರನಿಗೆ ಅವರು ಕೊಟ್ಟಿದ್ದು ತಮ್ಮದೇ ಮೂಗು. ಆ ಪುಟ ಓದಿದಾಗ ಹೆಂಡತಿಯೂ ಬಿಟ್ಟಿರಲಿಲ್ಲ. "ಒಲೆ ಮೇಲೆ ಹಾಲು ಸೀದುಹೋದ್ರೂ ನಿಮಗೆ ವಾಸನೆ ಬರಲ್ಲ, ಇವನಿಗೆ ಹೇಗೆ ಬಂತು?" ಎಂದಿದ್ದಳು.

"ಒಳ್ಳೇದು ಅನ್ನೋದು ಏನೂ ಇಲ್ವೇನಮ್ಮಾ?" ಎಂದು ಡಾಕ್ಟರನ್ನು ಕೇಳಿದರು.

"ಯಾಕಿಲ್ಲ? ಯಾವ ವಿಷ ಎಷ್ಟು ಹೊತ್ತಿಗೆ ಏರುತ್ತೆ ಅನ್ನೋದು ಪಕ್ಕಾ. ಕಥೆ ಕೆಳಗಿಡೋಕೆ ಬಿಡಲ್ಲ, ಊಟ ಬಿಟ್ಟು ಮುಗಿಸಿದೆ." ಮೇಷ್ಟ್ರ ಎದೆ ಎರಡಂಗುಲ ಉಬ್ಬಿತು. ಡಾಕ್ಟರು ಹಾಳೆಗಳನ್ನು ತಟ್ಟಿ ಜೋಡಿಸುತ್ತ, "ಆದ್ರೆ ಮೂರು ಹೆಣ ಬೀಳುತ್ತೆ ಮೇಷ್ಟ್ರೇ, ಒಂದನ್ನೂ ತಗೊಂಡು ಹೋಗೋಕೆ ಮನೆಯವರು ಬರೋದೇ ಇಲ್ಲ. ಇಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರೋರು ಅವರೇ. ಅದೊಂದು ಸೇರಿಸಿ, ಮುನ್ನುಡಿ ಬರೆದುಕೊಡ್ತೀನಿ" ಎಂದಳು.

ಮೇಷ್ಟ್ರಿಗೆ ಹಿಡಿಸಲಿಲ್ಲ. ಅಳುವವರನ್ನು ತಂದು ಕೂರಿಸಿದರೆ ಕಥೆಯ ಓಟ ಏನಾಗಬೇಕು? ಹೋಗಲಿ, 'ಬಂಧುಗಳು ಬಿಕ್ಕಿ ಬಿಕ್ಕಿ ಅತ್ತರು' ಅಂತ ಮೂರು ಕಡೆ ತುರುಕಿದರಾಯಿತು. ಮುನ್ನುಡಿ ಮುಖ್ಯ. ಹೀಗೆಂದುಕೊಂಡು ಹಾಳೆಯ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದರು.

ಬಾಗಿಲ ಪಕ್ಕದ ಬೆಂಚಿನಲ್ಲಿ ಅವರ ಹೆಂಡತಿಯ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಅಳುತ್ತಿರಲಿಲ್ಲ. ನೀಲಿ ಉಲ್ಲನ್ನಿನ ಸ್ವೆಟರ್ ಹೆಣೆಯುತ್ತಿದ್ದಳು. ಮಡಿಲಿಂದ ಜಾರಿದ ಉಂಡೆ ಉರುಳಿಕೊಂಡು ಬಂದು ಮೇಷ್ಟ್ರ ಚಪ್ಪಲಿಗೆ ತಾಗಿತು. ಬಗ್ಗಿ ಎತ್ತಿಕೊಟ್ಟರು.

"ನೀವು ಒಳಗಿನವರಾ ಸಾರ್?" ಕಂಕುಳಿನ ಕಾಗದದ ಕಟ್ಟು ನೋಡಿ ಅವಳು ಕೇಳಿದಳು. "ನಮ್ಮನೆಯವರು ಒಳಗಿದ್ದಾರೆ. ಬೆಳಿಗ್ಗೆ ಕೆಲಸದ ಜಾಗದಲ್ಲಿ ಏಣಿ ಮೇಲಿಂದ ಬಿದ್ದುಬಿಟ್ರು."

ಮೇಷ್ಟ್ರು ಒಳಗಿನವನಲ್ಲ ಎಂದು ತಲೆಯಾಡಿಸಿದರು.

"ನಾಲ್ಕು ಗಂಟೆಗೆ ಕೊಡ್ತೀವಿ ಅಂದಿದ್ದಾರೆ. ನಿಧಾನಕ್ಕೆ ಮಾಡ್ಲಿ, ನನಗೇನೂ ಅವಸರ ಇಲ್ಲ. ಒಳಗೆ ತುಂಬಾ ತಣ್ಣಗಿರುತ್ತಂತಲ್ಲ ಸಾರ್? ಅವರಿಗೆ ಚಳಿ ಅಂದ್ರೆ ಆಗೋದೇ ಇಲ್ಲ."

ಮೇಷ್ಟ್ರು ಹಸ್ತಪ್ರತಿಯನ್ನು ಬೆಂಚಿನ ಕೆಳಗಿಟ್ಟು ಅವಳ ಪಕ್ಕ ಕೂತರು. ಉಂಡೆಯನ್ನು ಕೈಗೆ ತೆಗೆದುಕೊಂಡು, ಅವಳ ಕಡ್ಡಿಗಳ ವೇಗಕ್ಕೆ ತಕ್ಕಂತೆ ದಾರ ಬಿಡತೊಡಗಿದರು.

ಅವಳು ಗೋಡೆ ಗಡಿಯಾರ ನೋಡಿದಳು. ಆಮೇಲೆ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿ ಕೇಳಿದಳು: "ಒಂದು ತೋಳು ಬಾಕಿ. ನಾಲ್ಕರೊಳಗೆ ಮುಗಿಯುತ್ತೆ, ಅಲ್ವಾ?"