ಪಳಗಿದ ಕೈ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಅರ್ಧ ಮೀಸೆ ಬೋಳಿಸಿ. ಬೋಳಿಸಲು ಈ ಕಥೆಯ ಬ್ರದರನ್ನೇ ಕರೆಯಿರಿ. ಅವನಿದ್ದ ಆಸ್ಪತ್ರೆಯಲ್ಲಿ ಗಂಡು ನರ್ಸ್ ಅಂತ ಇದ್ದವನು ಅವನೊಬ್ಬನೇ. ಹಾಗಾಗಿ ಆಪರೇಷನ್ನಿಗೆ ಮುಂಚೆ ಗಂಡಸರ ಎದೆ, ಹೊಟ್ಟೆ, ತೊಡೆ ಬೋಳಿಸುವ ಕೆಲಸವೆಲ್ಲ ಅವನ ತಲೆಗೇ. ತೆಗೆದ ಕೂದಲನ್ನು ಕೂಡಿಟ್ಟಿದ್ದರೆ ಇಡೀ ವಾರ್ಡಿಗೆ ಹೊಸ ಹಾಸಿಗೆ ಆಗುತ್ತಿತ್ತು, ದಿಂಬು ಬೇರೆ.

ಮನೆಯಲ್ಲಿ ಅವನು ಹೇಳಿದ್ದ ಕಥೆಯೇ ಬೇರೆ. ಆಪರೇಷನ್ ಥಿಯೇಟರಿನೊಳಗೆ ಡಾಕ್ಟರ ಪಕ್ಕದಲ್ಲೇ ನಿಲ್ಲುತ್ತೇನೆ, ನಾನು ತಲೆಯಾಡಿಸದೆ ಅವರು ಕತ್ತರಿ ಮುಟ್ಟುವುದಿಲ್ಲ ಎಂದಿದ್ದ. ಮಗನ ಕೈಗೆ ರೇಜರ್ ಬರಬಾರದೆಂದು ಕ್ಷೌರದಂಗಡಿ ಮಾರಿ ಓದಿಸಿದ ಅಪ್ಪ, ಅದನ್ನೇ ಬೀದಿಗೆಲ್ಲ ಸಾರಿದ್ದ.

ಈಗ ಅದೇ ಅಪ್ಪ ಹೊಟ್ಟೆ ಆಪರೇಷನ್ನಿಗೆಂದು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದ.

“ಬ್ರದರ್, ಕಿಟಕಿ ಬೆಡ್ಡಿಗೆ ಶೇವಿಂಗ್!” ಸಿಸ್ಟರ್ ಕೂಗಿದರು.

“ಇವತ್ತೊಂದಿನ ಬೇರೆ ಯಾರಾದ್ರೂ...”

“ಬೇರೆ ಯಾರಪ್ಪಾ ಇದಾರೆ? ನಾನ್ ಮಾಡ್ಲಾ?”

ಬ್ರದರ್ ಪರದೆ ಎಳೆದು ಟ್ರೇ ಇಟ್ಟ. “ಶೇವಿಂಗ್ ಮಾಡೋನು ರಜಾ ಅಪ್ಪಾ. ನಿನ್ನನ್ನ ಕಂಡೋರ ಕೈಗೆ ಯಾಕೆ ಕೊಡ್ಲಿ ಅಂತ ನಾನೇ ಬಂದೆ. ನಂಗೆ ಅಷ್ಟಾಗಿ ಬರಲ್ಲ, ಸ್ವಲ್ಪ ತಡ್ಕೋ.”

ಕೆಲಸ ಬಾರದವನ ಹಾಗೆ ಒಂದೆರಡು ಕಡೆ ಬೇಕೆಂದೇ ತಡವರಿಸಿದ. ಆದರೆ ಕೈ ಕೇಳಬೇಕಲ್ಲ! ಎಡಗೈ ತಾನಾಗಿ ಚರ್ಮ ಬಿಗಿಹಿಡಿಯಿತು. ರೇಜರ್ ಸರಸರ ಇಳಿಯಿತು, ನೊರೆಯನ್ನು ಗ್ಲೌಸಿನ ಬೆನ್ನಿಗೆ ಒರೆಸಿಕೊಂಡು ಮತ್ತೆ ಇಳಿಯಿತು. ಸೂರು ನೋಡುತ್ತಿದ್ದ ಅಪ್ಪ ಆ ಕೈಯನ್ನೇ ನೋಡತೊಡಗಿದ. ಎಲ್ಲ ಮುಗಿದ ಮೇಲೆ, ತನ್ನ ಅಂಗಡಿಯಲ್ಲಿ ಗಿರಾಕಿಗಳು ಗಲ್ಲ ಸವರಿಕೊಳ್ಳುತ್ತಿದ್ದ ಹಾಗೆ, ಹೊಟ್ಟೆಯ ಮೇಲೊಮ್ಮೆ ಅಂಗೈ ಆಡಿಸಿದ.

“ಚೆನ್ನಾಗಿ ಪಳಗಿದೆ ಕಣೋ ಕೈ,” ಅಂದ. ಅಂಗಿ ಇಳಿಸಿಕೊಳ್ಳುತ್ತಾ, “ಅಂಗಡಿ ಹೋಯ್ತು. ಕುರ್ಚಿ ಮಾತ್ರ ಮಾರಿರ್ಲಿಲ್ಲ. ಹಿತ್ತಲಲ್ಲೇ ಇದೆ.”

ಅಷ್ಟರಲ್ಲಿ ಟ್ರಾಲಿ ಬಂತು. ಅಪ್ಪನನ್ನು ಮಲಗಿಸಿಕೊಂಡು ಹೊರಟೇಬಿಟ್ಟಿತು. ಬ್ರದರ್ ಪಕ್ಕದಲ್ಲೇ ಓಡಿದ. “ಅಪ್ಪಾ, ಹಾಗಲ್ಲ ಕೇಳು, ಮುಂದಿನ ತಿಂಗಳಿಂದ ನನ್ನನ್ನೂ ಥಿಯೇಟರ್ ಒಳಗೆ—”

ಥಿಯೇಟರಿನ ಬಾಗಿಲು ಅವನನ್ನು ಹೊರಗೇ ಬಿಟ್ಟು ಮುಚ್ಚಿಕೊಂಡಿತು.

ವಾರ್ಡಿಗೆ ವಾಪಸು ಬಂದರೆ, ಪಕ್ಕದ ಮಂಚದವನು ಓದುತ್ತಿದ್ದ ಪೇಪರ್ ಮಡಿಚಿಟ್ಟು, ಅಂಗಿಯ ಗುಂಡಿ ಬಿಚ್ಚುತ್ತಾ ಕೇಳಿದ:

“ಈಗ ನಂದೇ ಪಾಳಿ ಅಲ್ವಾ?”