ಹೈವೇ ಮೇಲಿನ ತೆರಿಯಾಕಿ

ಮಗ ಮೀನಿನ ತುಂಡುಗಳಿಗೆ ಬೆಲ್ಲದ ಪಾಕ ಬಳಿಯುತ್ತಿರುವುದನ್ನು ಕಂಡು ವತ್ಸಲಾಬಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಇದೇನಪಾ ಚಂದ್ರ್ಯಾ, ಮೀನಿಗಿ ಬೆಲ್ಲಾ?"

"ತೆರಿಯಾಕಿ ಅಂತಾರವ್ವಾ. ಜಪಾನದವ್ರು ಮಾಡ್ತಾರ. ಟೀವ್ಯಾಗ ನೋಡೀನಿ."

"ತೇರಿ ಆಕಿ? ಯಾರ ಆಕಿ?"

"ಯಾರ ಆಕಿನೂ ಅಲ್ಲ. ಅಡಗಿ ಹೆಸರದು."

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸರ್ಕಾರಿ ನೌಕರರೆಲ್ಲ ಮುಷ್ಕರ, ಅಲ್ಲಿನವರ ಬಾಯಲ್ಲಿ ಸಮ್ಮೆ, ಹೂಡಿದ್ದರು. ಜಹೀರಾಬಾದಿನ ಕಚೇರಿಗೂ ಬೀಗ ಬಿದ್ದು, ಗುಮಾಸ್ತ ಚಂದ್ರಶೇಖರ ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ. ಆ ಬೇಸರದಲ್ಲೇ ನಿನ್ನೆ ಹೆಂಡತಿಯ ಎದುರು, "ಅಡಗಿ ಅಂದ್ರ ಏನ್ ದೊಡ್ಡ ಕೆಲಸಾ? ಓವನ್ನಾಗ ಇಟ್ಟು ಬಟನ್ ಒತ್ತಿದ್ರ ಆತು" ಎಂದುಬಿಟ್ಟ. ಮೃಣಾಲಿನಿ ಖಾಸಗಿ ಆಸ್ಪತ್ರೆಯ ನರ್ಸು. ಅವಳಿಗೆ ಮುಷ್ಕರವೂ ಇರಲಿಲ್ಲ, ಜಗಳವಾಡಲು ಪುರುಸೊತ್ತೂ ಇರಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, "ಹಂಗಾರ ಇವತ್ತ ರಾತ್ರಿ ಊಟಾ ನಿಮ್ದೇ ರೀ" ಎಂದು ನಕ್ಕು ಹೋದಳು. ಆ ನಗು ಅವನನ್ನು ದಿನವಿಡೀ ಚುಚ್ಚುತ್ತಿತ್ತು.

ಟೀವಿಯವರು ತೋರಿಸಿದ್ದು ಸಾಲ್ಮನ್ ಎಂಬ ಮೀನು. ಪೇಟೆಯಲ್ಲಿ ಸಿಕ್ಕಿದ್ದು ಸಿಂಗೂರು ಡ್ಯಾಮಿನ ರೋಹು. ಸೋಯಾ ಸಾಸನ್ನು ನೂಡಲ್ಸ್ ಬಂಡಿಯವನ ಹತ್ತಿರ ಕಾಡಿ ಬೇಡಿ ತಂದ. ಅದಕ್ಕೆ ಬೆಲ್ಲ, ಶುಂಠಿ, ಬೆಳ್ಳುಳ್ಳಿ ಹಾಕಿ ಕುದಿಸಿ, ಮಂದವಾದ ಮೇಲೆ ಬಳಿದಾಗ ತುಂಡುಗಳು ಪಾಲಿಶ್ ಹಾಕಿದ ಬೂಟಿನ ಹಾಗೆ ಹೊಳೆದವು. ಮದುವೆಯಲ್ಲಿ ಉಡುಗೊರೆ ಬಂದಿದ್ದ ಓವನ್ನಿನೊಳಗೆ ಇಷ್ಟು ವರ್ಷ ಹಪ್ಪಳದ ಡಬ್ಬಿಗಳು ವಾಸವಾಗಿದ್ದವು. ಅವನ್ನು ಹೊರಗೆ ಹಾಕಿ, ತಟ್ಟೆ ಒಳಗಿಟ್ಟು ಬಟನ್ ಒತ್ತಿದ. ಒಳಗೆ ಕೆಂಪು ಹತ್ತಿತು, ಹೊರಗೆ ಅವನ ಮುಖ ಅರಳಿತು. ಕರೆಂಟು ಹೋಯಿತು.

"ಕಲ್ಲಿದ್ದಲ ತೆಗಿಯವ್ರೂ ಸಮ್ಮೆ ಮಾಡ್ಯಾರಂತ, ಕರೆಂಟ್ ಎಲ್ಲಿಂದ ಬರ್ತದ?" ಎಂದಳು ವತ್ಸಲಾಬಾಯಿ. "ಎಲ್ಲಾ ಬಂದ್ ಮಾಡ್ರಿ ಅಂತ ಮೊನ್ನಿ ನೀನೇ ಒದರಿ ಬಂದಿಯಲ್ಲ."

"ಸರ್ಕಾರದ್ದು ಬಂದ್ ಮಾಡ್ರಿ ಅಂದಿದ್ದೆ. ನಮ್ಮದಲ್ಲ."

"ಇರ್ಲಿ, ಗ್ಯಾಸ್ ಮ್ಯಾಲ ಎಣ್ಣ್ಯಾಗ ಕರದು ಬಿಡು."

"ಕರದ್ರ ಅದು ತೆರಿಯಾಕಿ ಆಗಂಗಿಲ್ಲವ್ವಾ. ಆಕಿ ಮನಿಗಿ ಬಂದ್ರ ಏನ್ ಹೇಳ್ಲಿ?"

ಹೈವೇ ಆಚೆ ಗೆಳೆಯ ಸಮೀರನ ಬೇಕರಿ ಇತ್ತು. ಫೋನ್ ಮಾಡಿದರೆ, ಷಟರ್ ಮುಚ್ಚಿದೆ, ಆದರೆ ಕಟ್ಟಿಗೆ ಭಟ್ಟಿ ಇನ್ನೂ ಬಿಸಿಯಿದೆ, ಹಿತ್ತಲ ಬಾಗಿಲಿಂದ ಬಾ ಎಂದ. ಚಂದ್ರಶೇಖರ ತಟ್ಟೆಯ ಮೇಲೆ ಟವೆಲ್ ಹೊದಿಸಿ, ಹೊತ್ತು ಇಳಿಯುವ ಮುಂಚೆ ಹೊರಟ.

ಹೈವೇ ಮೇಲೆ ವಂಟಾ ವಾರ್ಪು ನಡೆದಿತ್ತು. ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಪಂಕ್ತಿ ಕೂತು ಉಣ್ಣುವ ಹೋರಾಟ ಅದು. ಲಾರಿಗಳು ಕಣ್ಣು ಹಾಯುವವರೆಗೆ ಸಾಲುಗಟ್ಟಿ ನಿಂತಿದ್ದವು. ಹೊಟ್ಟೆ ಕೆಟ್ಟಿದೆ, ಇವತ್ತು ಬರಲಾರೆ ಎಂದು ಚಂದ್ರಶೇಖರ ಬೆಳಿಗ್ಗೆಯೇ ನೌಕರರ ಸಂಘದ ಕಿಷ್ಟಪ್ಪನಿಗೆ ಹೇಳಿಬಿಟ್ಟಿದ್ದ. ತಲೆ ತಗ್ಗಿಸಿಕೊಂಡು ಲಾರಿಗಳ ಸಂದಿಯಿಂದ ನುಸುಳಿ ಹೊರಬಂದರೆ, ಎದುರಿಗೆ ಸೌಟು ಹಿಡಿದ ಕಿಷ್ಟಪ್ಪನೇ ನಿಂತಿದ್ದಾನೆ.

"ಹೊಟ್ಟಿ ಹ್ಯಾಂಗದರಿ ಸಾಬ್?"

"ಈಗ ಜರಾ ಆರಾಮದ್ರಿ."

ಕಿಷ್ಟಪ್ಪ ಟವೆಲ್ ಎತ್ತಿ ನೋಡಿದ. "ಇದೇನ್ರಿ?"

ಊರೆಲ್ಲ ಬೀದಿಯಲ್ಲಿ ಅನ್ನ ಬೇಯಿಸುವಾಗ ಈತ ಮನೆಯಲ್ಲಿ ಮೀನು ಬೇಯಿಸುತ್ತಿದ್ದ ಎಂದಾದರೆ ಸಂಘದಲ್ಲಿ ಮುಖ ತೋರಿಸುವ ಹಾಗಿಲ್ಲ. ಚಂದ್ರಶೇಖರ ತಟ್ಟೆಯನ್ನು ಮುಂದೆ ಚಾಚಿದ. "ನಿಮಗೇ ತಂದೀನ್ರಿ. ಹೋರಾಟಕ್ಕ."

ಕಿಷ್ಟಪ್ಪ ಸೌಟನ್ನು ಪಕ್ಕದವನ ಕೈಗಿತ್ತ. ಹೊಟ್ಟೆನೋವಿನಲ್ಲೂ ನಮ್ಮ ಚಂದ್ರಶೇಖರ ಸಾಬ್ ಮೀನು ಹೊತ್ತು ತಂದಿದ್ದಾರೆ ಎಂದು ಮೈಕಿನಲ್ಲಿ ತೆಲುಗಿನಲ್ಲಿ ಸಾರಿದ. ಜೈಕಾರವಾಯಿತು. ಇನ್ನು ಬೇರೆ ದಾರಿ ಇರಲಿಲ್ಲ. ಚಂದ್ರಶೇಖರ ತಟ್ಟೆಯನ್ನು ಕೆಂಡದ ಮೇಲಿಟ್ಟು, ತಗಡು ಮುಚ್ಚಿ, ತಗಡಿನ ಮೇಲೂ ಕೆಂಡ ಸುರಿದು ಉಸಿರು ಬಿಗಿಹಿಡಿದು ಕೂತ. ಬೆಲ್ಲ ಕುದಿಯುವ ವಾಸನೆ ಹೊರಟಿದ್ದೇ ತಡ, ಲಾರಿ ಡ್ರೈವರುಗಳೂ ಇಳಿದು ಬಂದು ಸಾಲಿನಲ್ಲಿ ನಿಂತರು. ಕಿಷ್ಟಪ್ಪ ಪ್ರಸಾದದ ಹಾಗೆ ಚಿಟಿಕೆ ಚಿಟಿಕೆ ಹಂಚತೊಡಗಿದ. ಅವನು ಅತ್ತ ತಿರುಗಿದಾಗ ಚಂದ್ರಶೇಖರ ಮೂರು ತುಂಡು ಎತ್ತಿ ಟವೆಲ್ಲಿನೊಳಗೆ ಅಡಗಿಸಿದ.

ಮಗ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ವತ್ಸಲಾಬಾಯಿ ಜೋಳದ ರೊಟ್ಟಿ ಕಟ್ಟಿಕೊಂಡು ಹುಡುಕುತ್ತ ಬಂದಳು. ಆಟೋ ಮುಂದೆ ಹೋಗದೆ ಇಳಿದು ನಡೆದು ಬರುತ್ತಿದ್ದ ಮೃಣಾಲಿನಿಯೂ ಅಲ್ಲೇ ಸಿಕ್ಕಳು.

"ಏನ್ರೀ, ಊಟಾ ಇಲ್ಲೇ ಇಟ್ಟೀರೇನು?"

"ಹೂಂ. ಇಲ್ಲಿ ಗಾಳಿ ಛಲೋ ಅದ" ಎಂದ ಚಂದ್ರಶೇಖರ, ಮೊದಲಿಂದಲೂ ಅದೇ ಯೋಚನೆ ಇತ್ತು ಎಂಬಂತೆ.

ಮೂವರೂ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೃಣಾಲಿನಿ ರೊಟ್ಟಿಯಲ್ಲಿ ಮೀನು ಸುತ್ತಿ ಬಾಯಿಗಿಟ್ಟಳು. ಚಂದ್ರಶೇಖರ ತನ್ನದನ್ನು ಮುಟ್ಟದೆ ಅವಳ ದವಡೆಯನ್ನೇ ನೋಡುತ್ತಿದ್ದ.

"ಛಲೋ ಆಗ್ಯದರೀ" ಎಂದಳು ಅವಳು, ತನಗೇ ಆಶ್ಚರ್ಯವಾದವಳಂತೆ. "ಮುಳ್ಳು ಭಾಳ ಅವ, ಆದ್ರ ಛಲೋ ಆಗ್ಯದ."

ಅಷ್ಟರಲ್ಲಿ ಕತ್ತಲಾಯಿತು. ವತ್ಸಲಾಬಾಯಿ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಮುಂದೆ ನಿಂತಿದ್ದ ಲಾರಿಯವನಿಗೆ ಕೈ ಮಾಡಿ, "ಬೇಟಾ, ಜರಾ ಲೈಟ್ ಹಚ್ಚಪಾ" ಎಂದಳು. ಅವನು ಹಚ್ಚಿದ. ರಸ್ತೆ ತೆರೆಯಿತೆಂದು ತಿಳಿದ ಹಿಂದಿನವನೂ ಹಚ್ಚಿದ, ಅವನ ಹಿಂದಿನವನೂ ಹಚ್ಚಿದ. ಇಂಜಿನ್ನುಗಳು ಗುಡುಗಿದವು, ಹಾರನ್ನುಗಳು ಒದರಿದವು, ಕರೆಂಟಿಲ್ಲದ ಊರಿನ ಹೈವೇ ಉದ್ದಕ್ಕೂ ಹಗಲಾಯಿತು. ಆ ಬೆಳಕಿನ ಮುಂದೆ ಕೂತು ವತ್ಸಲಾಬಾಯಿ ಒಂದು ಮುಳ್ಳು ತೆಗೆದು ಪಕ್ಕಕ್ಕಿಟ್ಟಳು. ಯಾವ ಅವಸರವೂ ಇಲ್ಲದೆ ಇನ್ನೊಂದನ್ನು ಹುಡುಕತೊಡಗಿದಳು.