ಹೊನ್ನೆಗೆ ಬಳಿದ ಕೆಂಪು

ಮಾಗಿ ಚಳಿಯ ಒಂದು ಬೆಳಿಗ್ಗೆ ಕಾಡಿನ ಮರಗಳಿಗೆ ಬಣ್ಣ ಬಳಿಯಲು ಹೊರಟೆ. ಪ್ರವಾಸಿಗರ ನೆರಳಿಗೆ ಹಳದಿ, ಮುಟ್ಟದೆ ಉಳಿಸುವುದಕ್ಕೆ ಹಸಿರು, ಕೊಯ್ಯುವುದಕ್ಕೆ ಕೆಂಪು. ಬಳಿಯುವ ಮೊದಲು ಮರದ ಮೇಲೆ ಅಂಗೈಯಿಟ್ಟು ಅದನ್ನೇ ಕೇಳಬೇಕು, ಒಪ್ಪಿದರೆ ತೊಗಟೆ ಬೆಚ್ಚಗಾಗುತ್ತದೆ. ಕೇಳದೆ ಬಳಿದರೆ ಮರ ಎದ್ದು ಹೋಗುತ್ತದೆ.

ತಂಗಿ ಕೇತಮ್ಮ ಜೇನು ಇಳಿಸುತ್ತಿದ್ದ ಹೊನ್ನೆಮರಕ್ಕೆ ಕೆಂಪು ಬಳಿದೆ.

"ಕೇಳ್ದಾ ಅಣ್ಣಾ?" ಎಂದಳು.

"ಮರ್ತೋಯ್ತು ಕಣವ್ವ."

"ನಲವತ್ತೊರ್ಸ ಮರೀದೋನು ನನ್ ಮರಕ್ಕೇ ಮರ್ತ್ಯಾ?"

ಮರೆತಿರಲಿಲ್ಲ. ಅರಣ್ಯ ಇಲಾಖೆಯ ನಮ್ಮ ಸಾಹೇಬರಿಗೆ ದಪ್ಪ ದಿಮ್ಮಿ ಬೇಕಿತ್ತು. ಹೊನ್ನೆ ಒಪ್ಪದೆಂದು ಗೊತ್ತಿದ್ದೇ ಕೇಳಲಿಲ್ಲ.

ಎರಡು ದಿನ ಬಣ್ಣ ಕೆರೆದೆ, ಮರಕ್ಕೆ ತಪ್ಪಾಯಿತು ಎಂದೆ. ತಂಗಿಗೆ ಮಾತ್ರ ನಿಜ ಹೇಳಲಾಗಲಿಲ್ಲ.

ಮಂಗಳವಾರ ಹೊನ್ನೆ ಬೇರು ಬಿಡಿಸಿಕೊಂಡು ಬೆಟ್ಟ ಇಳಿಯಿತು. ಚಾಪೆ ಸುತ್ತಿಕೊಂಡು ಕೇತಮ್ಮನೂ ಅದರ ಹಿಂದೆ ಹೋದಳು.